ನಿಂತಲ್ಲಿ ನಡುಕ

ತೀನ್ ಕಂದೀಲ್ ದಾಟಿ ಸಿಗ್ನಲ್ಲಿಗೆ ನಿಂತಾಗ ಮೊದಲು ಗೊತ್ತಾಯಿತು.
ಓಡುವಾಗ ಏನೂ ಇಲ್ಲ,
ನಿಂತರೆ ನಡುಕ.
ಕನ್ನಡಿಯೊಳಗೆ ಹಿಂದಿನ ಆಟೋ ಎರಡೆರಡಾಗಿ ಕಂಡಿತು,
ಡ್ಯಾಶ್‌ಬೋರ್ಡಿನ ಮೇಲಿಟ್ಟ ಹತ್ತಿ ಸ್ಯಾಂಪಲ್ಲಿನ ಪೊಟ್ಟಣ
ತಾನಾಗೇ ಜರುಗಿ ಜರುಗಿ
ನನ್ನ ತೊಡೆಗೆ ಬಿತ್ತು.

ತೊಂಬತ್ತೇಳರ ಝೆನ್. ಕ್ಲಚ್ಚಿಲ್ಲದ್ದು.
ಎಡಗಾಲಿಗೆ ಕೆಲಸವಿಲ್ಲವೆಂದೇ ಕೊಂಡದ್ದು.
ಎರಡು ವರ್ಷದವಳಿದ್ದಾಗ ಒಂದು ಜ್ವರದಲ್ಲಿ
ರಜೆ ಹಾಕಿದ ಕಾಲು ಅದು,
ಇನ್ನೂ ಹಾಜರಾಗಿಲ್ಲ.

ಹೈದರಾಬಾದ್ ರಸ್ತೆಯ ಮೇಸ್ತ್ರಿ
ಬಾನೆಟ್ ಎತ್ತಿ ಒಂದು ಸ್ಕ್ರೂ ತಿರುವಿದ,
ಒಂದು ಕೇಬಲ್ ಬಿಗಿ ಮಾಡಿದ.
ನಡುಕ ನಿಂತಿತು. ಇನ್ನೂರು ರೂಪಾಯಿ.
ಮರುದಿನದಿಂದ ಲಿವರ್ ‘ಡಿ’ಗೆ ಎಳೆದರೆ ಸಾಕು
ಹಿಂದಿನಿಂದ ಯಾರೋ ಒದ್ದ ಹಾಗೆ ಧಡ್!
ಎರಡರಿಂದ ಮೂರಕ್ಕೆ ಒಲ್ಲೆ ಒಲ್ಲೆನೆಂದು ಅರಚಿ ಅರಚಿ
ಆಮೇಲೆ ಒಮ್ಮೆಲೇ ಜಿಗಿತ.
ಅವನೇ ಅಂದ: “ಗೇರ್ ಬಾಕ್ಸ್ ಹೋಗೇತ್ರಿ.
ಇದರ ಸಾಮಾನು ಈಗ ದೇವರ ಹತ್ರನೂ ಸಿಗಂಗಿಲ್ಲ.
ಗುಜರಿಗೆ ಹಾಕ್ರಿ, ಹದಿನೆಂಟು ಸಾವಿರ ಕೊಡಸ್ತೀನಿ.”

ಮೂರು ದಿನ ಆಟೋದಲ್ಲಿ ಗಂಜಿಗೆ ಹೋದೆ,
ಕ್ಯಾಲಿಪರ್ ಹಾಕಿದ ಕಾಲನ್ನು
ಛತ್ರಿಯ ಹಾಗೆ ಹೊರಗೆ ಚಾಚಿಕೊಂಡು.

ಆಮೇಲೆ ಲಾಲಸಾಬ.
ಮಂಚಲಾಪುರ ರಸ್ತೆ, ಬೇವಿನ ಗಿಡ,
ಬೋರ್ಡಿಲ್ಲ, ಕೊಂಬೆಗೆ ತೂಗುಬಿಟ್ಟ ಒಂದು ಟೈರೇ ವಿಳಾಸ.
“ಬಂದ್ ಮಾಡಬ್ಯಾಡ್ರಿ ಸೂಗಮ್ಮಕ್ಕ, ಹಂಗೇ ಬಿಡ್ರಿ.”
ಸೈಲೆನ್ಸರಿನ ಮುಂದೆ ಕುಕ್ಕರಗಾಲಲ್ಲಿ ಕೂತ.
ಒಂದು ಬೀಡಿ ಪೂರಾ ಮುಗಿಯುವ ತನಕ ಕೇಳಿದ,
ಅಂಗೈ ಅಡ್ಡ ಹಿಡಿದು ಉಸಿರು ನೋಡಿದ.
ಗೇರಿನ ಎಣ್ಣೆಕಡ್ಡಿ ಎಳೆದು
ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ, ಮೂಸಿ,
ಇನ್ನೊಮ್ಮೆ ತಿಕ್ಕಿದ.

ಆ ಬೆರಳುಗಳನ್ನು ನಾನು ಬಲ್ಲೆ.
ಇಪ್ಪತ್ತೆರಡು ವರ್ಷದಿಂದ ಹತ್ತಿಯ ಎಳೆ ಎಳೆದು
ಗ್ರೇಡು ಹೇಳುವವಳು ನಾನು.
ಕಣ್ಣು ಆಮೇಲೆ ಬಂದು ಸಾಕ್ಷಿ ಹೇಳುತ್ತದೆ, ಅಷ್ಟೇ.

“ಕೆಂಪಗೈತಿ. ಸುಟ್ಟ ವಾಸನಿಲ್ಲ.
ಗೇರ್ ಬಾಕ್ಸು ಪೆಟ್ಟು ತಿನ್ನಾಕತ್ತೈತಿ, ಕೆಟ್ಟಿಲ್ಲ.”
ಯಾರು ಹೊಡಿತಾರ?
“ಎಂಜಿನ್ನು. ನಿಂತಾಗ ಒಂಬತ್ತು ನೂರು ಸುತ್ತಬೇಕಾದ್ದು
ಹದಿನಾರು ನೂರು ಸುತ್ತಾಕತ್ತೈತಿ.
ಓಡೋ ಎತ್ತಿನ ಕೊಳ್ಳಿಗೆ ನೊಗ ಒಗದಂಗ.
ನಡುಗೋದು ಕಾಣಬಾರದಂತ ಚೀರಸ್ಯಾರ ಇದನ್ನ.”

ಸ್ಕ್ರೂ ಹಿಂದಕ್ಕೆ ತಿರುವಿದ.
ನಡುಕ ವಾಪಸು ಬಂತು.
“ಹಾಂ, ಈಗ ಖರೇ ಮಾತಾಡ್ತೈತಿ.”

ಫಿಲ್ಟರ್ ಬಿಚ್ಚಿದರೆ ಒಳಗೆ ಪೂರಾ ಗಂಜು:
ಜಿನ್ನಿಂಗ್ ಮಿಲ್ಲಿನ ಹೊರಗೆ ನಿಲ್ಲಿಸಿದ ವರ್ಷಗಳೆಲ್ಲ
ಬೂದು ಹಾಸಿಗೆಯಾಗಿ ಕೂತಿದ್ದವು.
ಒಂದು ಎಳೆ ಎಳೆದು ನೋಡಿದೆ, ಚಟ.
ಇಪ್ಪತ್ತೆಂಟು ಮಿಲಿಮೀಟರ್. ಕಸ ಜಾಸ್ತಿ.

ಅದೂ ಪೂರ್ತಿ ಕಾರಣವಲ್ಲ.
ಕಾರ್ಬ್ಯುರೇಟರಿನ ಹಿಂದೆ ಗೇಣುದ್ದದ ರಬ್ಬರ್ ಪೈಪು,
ನಮ್ಮೂರ ಬೇಸಿಗೆಗಳು ಬೇಯಿಸಿ ಬೇಯಿಸಿ ಹಪ್ಪಳ ಮಾಡಿದ್ದು.
ಅಡಿಬದಿಯಲ್ಲಿ ಉಗುರಿನಷ್ಟು ಸೀಳು.
ಲಾಲಸಾಬ ಅಲ್ಲಿ ಬೆರಳಿಟ್ಟ.
ಸುಮ್ಮನಾಯಿತು.
ತೆಗೆದ. ನಡುಗಿತು.
ಮತ್ತೆ ಇಟ್ಟ,
ಈ ಸಲ ತೆಗೆಯದೆ ಬಹಳ ಹೊತ್ತು ನನ್ನನ್ನೇ ನೋಡಿದ,
ಜ್ವರ ಇಳಿದ ಕೂಸಿನ ಹಣೆ ಮುಟ್ಟಿ
ತಾಯಿಯನ್ನು ಕರೆಯುವವರ ಹಾಗೆ.

ಪೈಪಿಗೆ ನಲವತ್ತು, ಫಿಲ್ಟರಿಗೆ ನೂರೆಂಬತ್ತು.
ಕೇಬಲ್ ಎರಡು ಸುತ್ತು ಸಡಿಲ ಮಾಡಿದ್ದಕ್ಕೆ ಏನೂ ಇಲ್ಲ.
“ಏಸಿ ಹಾಕಿದ್ರ ಸ್ವಲ್ಪ ನಡುಗ್ತೈತಿ.
ವಯಸ್ಸದು. ಅದಕ್ಕೊಂದು ಸ್ಕ್ರೂ ಹುಡುಕಬ್ಯಾಡ್ರಿ.”

ನಿನ್ನೆ ಅದೇ ಸಿಗ್ನಲ್ಲು.
ಪಕ್ಕಕ್ಕೆ ಬೈಕಿನ ಮೇಲೆ ಹೈದರಾಬಾದ್ ರಸ್ತೆಯವನು,
ಗಾಜು ಬಡಿದು ಕೇಳಿದ,
“ಇನ್ನೂ ಮಾರಿಲ್ಲೇನ್ರಿ?”
ಪೊಟ್ಟಣ ಇಟ್ಟಲ್ಲೇ ಇತ್ತು.
ಉತ್ತರ ಹುಡುಕುತ್ತಿರುವಾಗಲೇ ಹಸಿರು ಬಂತು.
ಬ್ರೇಕಿನಿಂದ ಬಲಗಾಲು ಎತ್ತಿದೆ.
ಇನ್ನೊಂದು ಪೆಡಲಿಗೆ ಅದು ತಲುಪುವ ಮೊದಲೇ
ಗಾಡಿ ಮೆಲ್ಲಗೆ ಹೊರಟಿತ್ತು.